ಏಳು ನಿಮಿಷದ ಮಳೆ

ನನ್ನ ಗಂಟಲಲ್ಲಿ ಸುಮಾರು ಅರವತ್ತು ಜನ ವಾಸವಾಗಿದ್ದಾರೆ. ಒಮ್ಮೆ ಒಳಹೊಕ್ಕವರು ಖಾಲಿ ಮಾಡುವ ಮಾತೇ ಇಲ್ಲ. ಪುಣೆಯ ವಿಮಾನ ನಗರದ ನಮ್ಮ ಆಫೀಸಿನ ಮೇಡಂ ಇದ್ದಾರೆ, ಆಫೀಸಿನ ಹಿಂದಿನ ಗಲ್ಲಿಯಲ್ಲಿ ಹೋಟೆಲು ನಡೆಸುವ ಕುಂದಾಪುರದ ಅಣ್ಣ ಇದ್ದಾರೆ, ಲಿಫ್ಟಿನಲ್ಲಿ ಎಷ್ಟನೇ ಮಹಡಿ ಬಂತೆಂದು ಹೇಳುವ ಹೆಣ್ಣುದನಿ ಇದೆ, ಖಡಕಿಯ ನನ್ನ ಕೋಣೆಯ ಕಿಟಕಿಯ ಕೆಳಗೆ ಬೆಳಗಾದರೆ ಹಳೇ ಸಾಮಾನು ಕೇಳುತ್ತ ಗಾಡಿ ತಳ್ಳುವವನ ಕೂಗೂ ಇದೆ. ಯಾರನ್ನು ಬೇಕಾದರೂ ಕರೆಯಿರಿ, ತಕ್ಷಣ ಬಂದು ಮಾತಾಡುತ್ತಾರೆ. ಕನ್ನಡಿಯಲ್ಲಿ ಕಾಣುವ ಬಡಕಲು ಆಸಾಮಿಯನ್ನು ಮಾತ್ರ ನನಗೆ ಅನುಕರಿಸಲು ಬರುವುದಿಲ್ಲ. ಅವನು ಮಾತಾಡಿದ್ದನ್ನು ನಾನು ಹೆಚ್ಚು ಕೇಳಿಲ್ಲ.

ಈ ಅರವತ್ತು ಜನರಲ್ಲಿ ಮೊದಲು ಬಂದವನು ನನ್ನ ಅಪ್ಪ. ನಾನು ಹೇಳಹೊರಟಿರುವ ಕಾಲದಲ್ಲಿ ಅವನು ನನ್ನ ಜೊತೆ ಮಾತು ಬಿಟ್ಟು ವರ್ಷವಾಗುತ್ತ ಬಂದಿತ್ತು.

ಅಪ್ಪ ಭೋಸರಿಯ ಒಂದು ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದವನು, ಬೆನ್ನು ಹಿಡಿದುಕೊಂಡ ಮೇಲೆ ಇಟ್ಟಿಗೆ ಬಿಟ್ಟು ಸೀಟಿ ಹಿಡಿದ. ಖಾಕಿ ಅಂಗಿ, ಹೆಗಲಿಗೆ ಹುರಿ, ಎದೆಯ ಜೇಬಿನಲ್ಲಿ ಸೀಟಿ. ಮನೆಗೆ ಬಂದರೂ ಅರ್ಧ ಗಂಟೆ ಆ ಅಂಗಿ ಬಿಚ್ಚುತ್ತಿರಲಿಲ್ಲ. ಅದರ ಹಿಂದಿನ ವರ್ಷದ ರಾಜ್ಯೋತ್ಸವಕ್ಕೆ ನಮ್ಮ ಕಡೆಯವರೆಲ್ಲ ಸೇರಿ ಒಂದು ಕಾರ್ಯಕ್ರಮ ಮಾಡಿದರು. ಮಿಮಿಕ್ರಿಗೆ ನನ್ನನ್ನು ಕರೆದರು. ಮಂತ್ರಿಗಳಾಯಿತು, ಕಂಡಕ್ಟರಾಯಿತು, ಸಭಿಕರು ಇನ್ನೂ ಬೇಕೆಂದರು. ನಾನು ಸೀಟಿ ತೆಗೆದೆ. ಲಾರಿ ಬಂದರೆ ಊದುವುದು, ಸಾಹೇಬರ ಕಾರು ಬಂದರೆ ಹಿಮ್ಮಡಿ ಕೂಡಿಸಿ ಸಲಾಮು ಹೊಡೆಯುವುದು, ಆಮೇಲೆ ಸಾಹೇಬರನ್ನು ಇಳಿಸಿ ಖಾಲಿ ಕಾರು ವಾಪಸು ಹೋಗುವಾಗ ಅದಕ್ಕೂ ಅಷ್ಟೇ ಬಿಗಿಯಾಗಿ ಸಲಾಮು ಹೊಡೆಯುವುದು. ಖಾಲಿ ಕಾರಿನ ಸಲಾಮಿಗೆ ಜನ ಬಿದ್ದು ಬಿದ್ದು ನಕ್ಕರು. ಅಪ್ಪ ಮೂರನೇ ಸಾಲಿನಲ್ಲಿದ್ದ. ಆ ದಿನ ಡ್ಯೂಟಿ ಮುಗಿಸಿ ನೇರವಾಗಿ ಬಂದಿದ್ದರಿಂದ ಅದೇ ಖಾಕಿ ಅಂಗಿಯಲ್ಲಿದ್ದ. ಮುಂದಿನ ಸಾಲಿನವರು ಹಿಂದೆ ತಿರುಗಿ ಅವನನ್ನು ನೋಡಿ ಮತ್ತೆ ನಕ್ಕರು.

ಬೈದಿದ್ದರೆ ಬೈಗುಳವನ್ನೂ ಕಲಿತುಕೊಂಡು ಮುಂದಿನ ವರ್ಷದ ಕಾರ್ಯಕ್ರಮಕ್ಕೆ ಸೇರಿಸುತ್ತಿದ್ದೆ. ಅವನು ಬೈಯಲಿಲ್ಲ. ಎದ್ದು ಹೋಗಿ ಬಸ್ಸು ಹತ್ತಿದ. ಆಮೇಲೆ ನಾನು ಮನೆಗೆ ಹೋದಾಗಲೆಲ್ಲ ಅವನಿಗೆ ಹೊರಗೆ ಏನಾದರೂ ಕೆಲಸ ಬರುತ್ತಿತ್ತು. ಎರಡು ತಿಂಗಳು ನೋಡಿ ನಾನೇ, ಆಫೀಸಿಗೆ ಹತ್ತಿರವಾಗುತ್ತದೆಂದು ಸುಳ್ಳು ಹೇಳಿ ಖಡಕಿಯಲ್ಲಿ ಕೋಣೆ ಹಿಡಿದೆ. ಫೋನು ಮಾಡಿದರೆ ಅವ್ವ ಎತ್ತುತ್ತಿದ್ದಳು.

"ಅಪ್ಪ ಎಲ್ಲಿದ್ದಾನ?"

"ಮಲಕೊಂಡಾನ."

"ಸಂಜಿ ಐದು ಗಂಟೇಕ?"

"ಹೂಂ. ದಣದಾನ."

ಅವಳ ದನಿಯ ಹಿಂದೆ ಅಪ್ಪನ ಕೆಮ್ಮು ಕೇಳುತ್ತಿತ್ತು. ಮಲಗಿದವರ ಕೆಮ್ಮಲ್ಲ ಅದು, ಗೋಡೆಗೆ ಒರಗಿ ಕುಳಿತು ಕಿವಿಗೊಟ್ಟವರ ಕೆಮ್ಮು. ಕೆಮ್ಮಿನ ವಿಷಯದಲ್ಲಿ ನನ್ನನ್ನು ಯಾರೂ ಮೋಸ ಮಾಡಲಾರರು.

ನನ್ನ ಕೆಲಸವೇ ಕಿವಿಯದ್ದು. ಎಲ್ಲೆಲ್ಲಿನ ಜನರೋ ಮಾತಾಡಿ ಕಳಿಸಿದ್ದನ್ನು ನಮ್ಮ ಆಫೀಸಿನಲ್ಲಿ ಬರಹಕ್ಕೆ ಇಳಿಸುತ್ತೇವೆ. ಈಗ ಮೊದಲ ಕರಡನ್ನು ಯಂತ್ರವೇ ತೆಗೆಯುತ್ತದೆ; ಯಂತ್ರದ ತಪ್ಪುಗಳನ್ನು ಕೇಳಿ ಕೇಳಿ ತಿದ್ದುವುದು ನಮ್ಮ ಪಾಲು. ಡಾಕ್ಟರುಗಳ ಗೊಣಗಾಟ, ವಕೀಲರ ಜಗಳ, ಕಂಪನಿಗಳ ಮೀಟಿಂಗು. ಯಾರ ದನಿಯೂ ಎರಡು ದಿನಕ್ಕಿಂತ ಹೆಚ್ಚು ಕಿವಿಯಲ್ಲಿ ನಿಲ್ಲುವುದಿಲ್ಲ. ಕಳೆದ ಜೂನಿನಲ್ಲಿ ಮಾತ್ರ ಒಂದು ದನಿ ಬಂತು, ಐದು ತಿಂಗಳು ಉಳಿಯಿತು.

ಆಸ್ಟ್ರೇಲಿಯಾದ ಒಬ್ಬ ಮುದುಕರು. ಸೈನ್ಯದಲ್ಲಿ ಅಧಿಕಾರಿಯಾಗಿದ್ದು, ಆಮೇಲೆ ಒಂದು ರಾಜ್ಯಕ್ಕೆ ಪೊಲೀಸ್ ಮುಖ್ಯಸ್ಥರಾಗಿದ್ದವರು. ಕಣ್ಣು ಮಂಜಾಗಿ ಬರೆಯಲಾಗದ್ದರಿಂದ, ತಮ್ಮ ಜೀವನವನ್ನು ಮಗಳು ತಂದುಕೊಟ್ಟ ರೆಕಾರ್ಡರಿಗೆ ಹೇಳುತ್ತಿದ್ದರು. ಮಗಳು ನಮಗೆ ಕಳಿಸುತ್ತಿದ್ದಳು. ಮೂಗಿನಿಂದ ಹೊರಟು, ಹಲ್ಲಿನ ಹಿಂದೆ ಸ್ವಲ್ಪ ಹೊತ್ತು ಕುಳಿತು, ತುಟಿ ತೆರೆಯದೆ ಹೊರಬರುವ ಅವರ ಇಂಗ್ಲಿಷಿಗೆ ಯಂತ್ರ ಮೊದಲನೇ ದಿನವೇ ಕೈಮುಗಿಯಿತು. ಮೇಡಂ ನನ್ನ ಮುಂದೆ ಬಂದು ನಿಂತರು. "ಅರೇ ನಾಟಕೀ, ಎಲ್ಲರ ದನಿ ಕದೀತೀಯಲ್ಲ, ಇದನ್ನೂ ಕದಿ ನೋಡೋಣ," ಎಂದು ಮರಾಠಿಯಲ್ಲಿ ಹೇಳಿ ಹೆಡ್‌ಫೋನು ಕೊಟ್ಟರು.

ಮೂರನೇ ದಿನಕ್ಕೆ ಕದ್ದೆ. ಅವರು ಮಾತು ಶುರು ಮಾಡುವ ಮೊದಲು ಎಳೆದುಕೊಳ್ಳುವ ಉಸಿರು, ಕುರ್ಚಿಯ ಕಿರುಗುಟ್ಟುವಿಕೆ, ಚಹಾದ ಲೋಟ ಕೆಳಗಿಟ್ಟ ಮೇಲಿನ ಸಣ್ಣ "ಆಹ್", ಎಲ್ಲ ನನ್ನದಾಯಿತು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅವರು ಆಡಿದ್ದನ್ನು ಇಲ್ಲಿ ನಮ್ಮ ಯಾದಗಿರಿ ಕಡೆಯ ಕನ್ನಡದಲ್ಲಿ ಕೊಡುತ್ತಿದ್ದೇನೆ. ಬೆಂಗಳೂರಿನ ಕನ್ನಡ ತೊಡಿಸಿ ನೋಡಿದೆ, ಮದುವೆಗೆಂದು ಕಡ ತಂದ ಕೋಟಿನ ಹಾಗೆ ಕಂಡಿತು. ಅವರು ಕುರಿ ಕಾಯುವ ಸೀಮೆಯವರು; ನಮ್ಮ ಮಾತೇ ಸರಿ.

"ನಮ್ಮಪ್ಪಗ ಎರಡು ಸಾವಿರ ಕುರಿ," ಎನ್ನುವಲ್ಲಿಂದ ಅವರ ಕಥೆ ಶುರುವಾಗುತ್ತದೆ. "ಮಕ್ಕಳು ಐದು. ಕುರೀದು ಎಣಿಕಿ ದಿನಾ ಆಗ್ತಿತ್ತು, ನಮ್ಮದು ಹಬ್ಬಕ್ಕೊಮ್ಮೆ." ಉಣ್ಣೆ ಕತ್ತರಿಸುವ ತಗಡಿನ ಶೆಡ್ಡು, ಮೈಲಿಗಟ್ಟಲೆ ತಂತಿಬೇಲಿ, ವರ್ಷಕ್ಕೆ ನಾಲ್ಕು ಸಲ ಬಂದರೆ ದೊಡ್ಡದೆನಿಸುವ ಮಳೆ. ಹತ್ತೊಂಬತ್ತಕ್ಕೆ ಸೈನ್ಯ ಸೇರಿದರು. ಅಲ್ಲಿ ಮೊದಲ ಬಾರಿಗೆ ದಿನವೂ ತಮ್ಮನ್ನು ಯಾರೋ ಎಣಿಸಿದರು ಎಂದು ನಕ್ಕರು. ದೂರದ ಒಂದು ಕಾಡಿನ ಯುದ್ಧಕ್ಕೆ ಹೋದರು. ಅದರ ಬಗ್ಗೆ ಹೇಳಿದ್ದು ಕಡಿಮೆ: ಬೂಟು ಒಣಗುತ್ತಿರಲಿಲ್ಲ, ಮೂವರು ಹುಡುಗರನ್ನು ಕಳೆದುಕೊಂಡೆ, ತಿರುಗಿ ಬಂದ ಮೇಲೆ ಮೂರೂ ಮನೆಗೆ ನಾನೇ ಹೋದೆ. ಅದು ಅವರ ದಳದ ಪದ್ಧತಿ. ಸತ್ತವನ ಮನೆಗೆ ಪತ್ರ ಕಳಿಸಿ ಸುಮ್ಮನಾಗುವಂತಿಲ್ಲ. ಅವನನ್ನು ಯುದ್ಧಕ್ಕೆ ಕಳಿಸಿದ ಅಧಿಕಾರಿಯೇ ಹೋಗಬೇಕು. ಟೋಪಿ ಕೈಯಲ್ಲಿ ಹಿಡಿದಿರಬೇಕು. ಕೂಡ್ರಿ ಎನ್ನುವ ತನಕ ನಿಂತಿರಬೇಕು.

"ಕೂಡು ಅನ್ನದಿದ್ರ?" ಎಂದು ನಾನು ಹೆಡ್‌ಫೋನಿನೊಳಗೆ ಕೇಳಿದೆ. ಉತ್ತರ ಬರದೆಂದು ಗೊತ್ತಿದ್ದೂ ಆ ಹೊತ್ತಿಗೆ ಅವರ ಜೊತೆ ಮಾತಾಡುವ ಅಭ್ಯಾಸವಾಗಿತ್ತು. ದಿನವಿಡೀ ನನ್ನೊಂದಿಗೆ ಮಾತಾಡುತ್ತಿದ್ದವರು ಅವರೊಬ್ಬರೇ.

ಐವತ್ತರ ಹತ್ತಿರ ಅವರಿಗೆ ಪೊಲೀಸ್ ಮುಖ್ಯಸ್ಥನ ಹುದ್ದೆ ಕೊಟ್ಟರು. ಆ ಇಲಾಖೆಯಲ್ಲಿ ಏನೋ ಗೋಲ್‌ಮಾಲ್ ಆಗಿ, ಒಳಗಿನವರು ಬೇಡ, ಹೊರಗಿನ ಗಟ್ಟಿ ಮನುಷ್ಯ ಬೇಕೆಂದು ಸರ್ಕಾರ ತಂದಿತು. ಪೇದೆಯಿಂದ ಹಂತಹಂತವಾಗಿ ಮೇಲೆ ಬಂದವರೆಲ್ಲ ಕಾಯುತ್ತ ಕುಳಿತಿದ್ದ ಕುರ್ಚಿಯಲ್ಲಿ ಇವರು ಹೋಗಿ ಕುಳಿತರು.

"ಮೊದಲನೇ ದಿನ ಕ್ಯಾಂಟೀನಿಗೆ ಹೋದೆ. ತಟ್ಟಿ ಹಿಡಕೊಂಡು ಒಂದು ಟೇಬಲ್ಲಿಗೆ ಕೂತೆ. ಅಲ್ಲಿದ್ದ ಆರೂ ಮಂದಿ ಭಾಳ ಮರ್ಯಾದಿಲೆ ಎದ್ದರು. 'ಗುಡ್ ಆಫ್ಟರ್‌ನೂನ್ ಸರ್' ಅಂದರು. ತಟ್ಟಿ ಎತ್ತಿಕೊಂಡು ಹೋದರು. ಮರುದಿನದಿಂದ ನನ್ನ ಕೋಣ್ಯಾಗ ಉಂಡೆ. ಮೊಟ್ಟಿ ಸ್ಯಾಂಡ್‌ವಿಚ್ಚು. ಒಂಬತ್ತು ವರ್ಷ."

ಆ ಒಂಬತ್ತು ವರ್ಷವನ್ನು ಅವರು ಒಂದೇ ಉಸಿರಿನಲ್ಲಿ ಹೇಳಿ ಚಹಾ ಕುಡಿದರು. ಆಹ್.

ನನ್ನ ಮಧ್ಯಾಹ್ನದ ಊಟ ಕುಂದಾಪುರದ ಅಣ್ಣನ ಹೋಟೆಲಿನಲ್ಲಿ. ಕೋಣೆಯಲ್ಲಿ ಜೊತೆಗಿದ್ದ ಗೆಳೆಯ ಆಗಸ್ಟಿನಲ್ಲಿ ಮದುವೆಯಾಗಿ ಹೋಗಿದ್ದ, ಆಫೀಸಿನಲ್ಲಿ ಎಲ್ಲರ ಕಿವಿಯೂ ಮುಚ್ಚಿರುತ್ತಿತ್ತು, ಆದ್ದರಿಂದ ನನ್ನ ಆಟಗಳಿಗೆ ಉಳಿದ ಪ್ರೇಕ್ಷಕರು ಅಣ್ಣನೊಬ್ಬರೇ. ನಾನು ಮುದುಕರ ದನಿಯಲ್ಲಿ ಊಟ ಆರ್ಡರು ಮಾಡುತ್ತಿದ್ದೆ, ಮೇಡಂ ದನಿಯಲ್ಲಿ ಉಪ್ಪು ಕಡಿಮೆ ಎನ್ನುತ್ತಿದ್ದೆ, ಅಣ್ಣನ ದನಿಯಲ್ಲೇ ಅಣ್ಣನಿಗೆ ಉತ್ತರ ಕೊಡುತ್ತಿದ್ದೆ. ಒಂದು ದಿನ ಅಣ್ಣ ಸಾಂಬಾರಿನ ಸೌಟು ಹಿಡಿದು ನಿಂತುಬಿಟ್ಟರು.

"ಅಲ್ಲ ಮಾರಾಯ, ಆರು ತಿಂಗಳಾಯ್ತು ನೀನು ಬರ್ಲಿಕ್ಕೆ ಹಿಡಿದು. ನಿಂದೊಂದು ದನಿ ಉಂಟಲ್ಲ, ಅದು ಯಾವುದು? ಒಂದು ದಿನ ಆ ಜನವನ್ನೂ ಊಟಕ್ಕೆ ಕರ್ಕೊಂಡು ಬಾ."

"ಅವ ಭಾಳ ನಾಚಿಕಿ ಮನಷ್ಯಾರೀ ಅಣ್ಣಾ."

"ಹೌದಾ? ಪಾಪ. ಅವನಿಗೆ ಒಂದು ಚಪಾತಿ ಹೆಚ್ಚು ಹಾಕ್ತೆ, ಹೋಗು."

ನಕ್ಕೆ. ಚಪಾತಿ ತಿಂದೆ. ಮೂಲೆಯ ಟೇಬಲ್ಲಿನಲ್ಲಿ ಗೋಡೆಯ ಕಡೆ ಮುಖ ಮಾಡಿ ತಿನ್ನುತ್ತಿದ್ದೇನೆಂದು ಆಮೇಲೆ ಗಮನಕ್ಕೆ ಬಂತು. ಎದುರಿಗೆ ಕುರ್ಚಿಯೂ ಇರಲಿಲ್ಲ. ಪಕ್ಕದ ದೊಡ್ಡ ಸಂಸಾರ ಎಳೆದುಕೊಂಡಿತ್ತು.

ಇನ್ನು ಮೂವತ್ತೊಂದನೇ ರೆಕಾರ್ಡಿಂಗಿನ ವಿಷಯ.

ಅದು ಬಂದದ್ದು ದೀಪಾವಳಿಯ ವಾರ. ಅದರಲ್ಲಿ ಅವರು ತಮ್ಮ ಕೈಕೆಳಗಿನ ಒಬ್ಬ ಪೇದೆಯ ಸಾವನ್ನು ಹೇಳುತ್ತಿದ್ದರು. ಪೊಲೀಸರ ಸಂಖ್ಯೆ ಸಾಲದೆಂದು, ರಜೆಯ ದಿನಗಳಲ್ಲಿ ಒಂದು ಜೀಪಿಗೆ ಇಬ್ಬರ ಬದಲು ಒಬ್ಬನೇ ಸಾಕು ಎಂಬ ಆದೇಶಕ್ಕೆ ಅವರು ಸಹಿ ಹಾಕಿದ್ದರು. ಹಾಗೆ ಒಬ್ಬನೇ ಹೋದ ಇಪ್ಪತ್ತೇಳು ವರ್ಷದ ಪೇದೆ, ಹಳ್ಳ ಉಕ್ಕಿದ ರಸ್ತೆಯಲ್ಲಿ ಕಾರುಗಳನ್ನು ತಡೆದು ತಿರುಗಿಸುತ್ತಿದ್ದಾಗ ನೀರಿನಲ್ಲಿ ಕೊಚ್ಚಿಹೋದ. ಹಗ್ಗ ಹಿಡಿಯಲು ಇನ್ನೊಬ್ಬನಿರಲಿಲ್ಲ. ಅವನ ತಾಯಿಯ ಮನೆಗೆ ತಾವು ಹೋಗಬೇಕೆಂದು ಇವರು ಹೊರಟರೆ ಇಲಾಖೆಯವರು ತಡೆದರು. 'ಅವ ನಮ್ಮವ. ನೀವಲ್ಲ. ನೀವು ಬರೋದು ಬ್ಯಾಡ,' ಎಂದರಂತೆ.

"ಆದ್ರೂ ಹೋದೆ," ಎಂದರು ಮುದುಕರು. "ಡ್ರೈವರನ್ನ ಬಿಟ್ಟು ನಾನೇ ಗಾಡಿ ಹೊಡಕೊಂಡು ಹೋದೆ. ಮೂರು ತಾಸಿನ ಹಾದಿ. ಗೇಟಿನ ಮುಂದ ಗಾಡಿ ನಿಲ್ಲಿಸಿದೆ. ಟೋಪಿ ತಗದು ಕೈಯಾಗ ಹಿಡಕೊಂಡೆ. ಆಮ್ಯಾಲ..."

ಆಮೇಲೆ ಮಳೆ. ಅವರ ವರಾಂಡದ ತಗಡಿನ ಮೇಲೆ ಮಳೆ ಬಿದ್ದ ಸದ್ದು ಮಾತಿನ ಮೇಲೆ ಕವುಚಿಕೊಂಡಿತು. ಒಳಗೆ ದನಿಯಿತ್ತು, ಆದರೆ ಒಂದೇ ಒಂದು ಮಾತೂ ಬಿಡಿಸಲು ಬರುವಂತಿರಲಿಲ್ಲ. ಏಳು ನಿಮಿಷ. ಮಳೆ ತೆಳುವಾದಾಗ ಅವರು "...ಹಿಂಗಾಗಿ ಗಾಡಿ ತಿರುಗಿಸಿಕೊಂಡು ಬಂದೆ. ಆ ಜೂನಿನ್ಯಾಗ ಹೊಸಾ ವೈರ್‌ಲೆಸ್ಸು ಬಂದವು," ಎನ್ನುತ್ತಿದ್ದರು.

ನಮ್ಮ ಕೆಲಸದಲ್ಲಿ ಇದಕ್ಕೆ ನಿಯಮವಿದೆ. ಕೇಳದಿದ್ದರೆ 'ಅಸ್ಪಷ್ಟ' ಎಂದು ಬರೆದು ಎಷ್ಟನೇ ನಿಮಿಷದಿಂದ ಎಷ್ಟನೇ ನಿಮಿಷಕ್ಕೆಂದು ಗುರುತು ಹಾಕಬೇಕು. ಮುಂದಕ್ಕೆ ಹೋಗಬೇಕು. ಮೊದಲ ದಿನವೇ ಮೇಡಂ ಕಲಿಸುವ ಪಾಠ ಇದು.

ಆ ದಿನ ಆಫೀಸಿಗೆ ಹಬ್ಬದ ರಜೆ, ನಾನು ಕೋಣೆಯಲ್ಲಿ ಕುಳಿತು ಕೆಲಸ ಮಾಡುತ್ತಿದ್ದೆ. ಅಣ್ಣನ ಹೋಟೆಲೂ ಮುಚ್ಚಿತ್ತು. ಬೆಳಿಗ್ಗೆ ಅವ್ವ ಫೋನು ಮಾಡಿದ್ದಳು.

"ಕರ್ಚಿಕಾಯಿ ಮಾಡೀನಿ. ಬಾರೋ. ಅರ್ಧಾ ತಾಸಿನ ಹಾದಿ."

"ಅಪ್ಪ ಬಾ ಅಂದಾನ?"

"ನಾ ಅನ್ನಾಕತ್ತೀನಲ್ಲ."

"ಕೆಲಸ ಭಾಳ ಅದ ಬೇ," ಎಂದೆ. ಅದನ್ನು ನಮ್ಮ ಮೇಡಂ ದನಿಯಲ್ಲಿ ಹೇಳಿದ್ದರಿಂದ ಅವ್ವ ನಗುತ್ತಾಳೆಂದುಕೊಂಡೆ. ನಗಲಿಲ್ಲ.

ಮಧ್ಯಾಹ್ನ ಕೆಳಗೆ ಪಟಾಕಿ ಹೊಡೆಯುತ್ತಿದ್ದರು. ನಾನು ಆ ಏಳು ನಿಮಿಷವನ್ನು ಹನ್ನೊಂದು ಸಲ ಕೇಳಿದೆ. ಆಮೇಲೆ ಹೆಡ್‌ಫೋನು ತೆಗೆದಿಟ್ಟು, ಅವರ ಉಸಿರು ಎಳೆದುಕೊಂಡು, ಅವರ ದನಿಯಲ್ಲಿ ಜೋರಾಗಿ ಹೇಳತೊಡಗಿದೆ. ಗೇಟು ತೆರೆದೆ. ಬಾಗಿಲಲ್ಲಿ ಬೂಟು ಬಿಚ್ಚಿದೆ. ತಾಯಿ ಹೊರಗೆ ಬಂದಳು. ಏನೂ ಕೇಳುವ ಮೊದಲು 'ಊಟ ಆಗಿದೆಯಾ' ಎಂದಳು. ಕೂಡಲು ಹೇಳಲಿಲ್ಲ, ನಾನೂ ಕೂಡಲಿಲ್ಲ. ತಪ್ಪು ನನ್ನದು, ಎಂದೆ. ಎಲ್ಲರೆದುರು ಅವನನ್ನು ಒಂಟಿಯಾಗಿ ನಿಲ್ಲಿಸಿದವನು ನಾನು, ಎಂದೆ. ಅವಳು ಬಹಳ ಹೊತ್ತು ನನ್ನ ಮುಖ ನೋಡಿದಳು. ಚಹಾ ತಂದುಕೊಟ್ಟಳು. ಇಬ್ಬರೂ ಕುಡಿದೆವು.

ಒಂದೂವರೆ ಪುಟ ಬಂತು. ನಿಜ ಹೇಳುತ್ತೇನೆ, ಬಹಳ ಚೆನ್ನಾಗಿ ಬಂತು. ಎರಡು ಸಲ ಜೋರಾಗಿ ಓದಿಕೊಂಡೆ, ಎರಡು ಸಲವೂ ಅವರ ದನಿಯಲ್ಲೇ. ಇಷ್ಟು ತಿಂಗಳು ಅವರ ಬಾಯಲ್ಲಿ ವಾಸವಾಗಿದ್ದ ನನಗೆ ಅವರು ಏನು ಹೇಳಿದ್ದಾರೆಂದು ಗೊತ್ತಿಲ್ಲವೇ ಎಂದುಕೊಂಡೆ. 'ಅಸ್ಪಷ್ಟ' ಎಂದು ಬರೆಯಲಿಲ್ಲ. ಕಳಿಸಿಬಿಟ್ಟೆ.

ಎರಡು ವಾರ ಏನೂ ಆಗಲಿಲ್ಲ. ಮೂರನೇ ವಾರ ಮೇಡಂ ನನ್ನನ್ನು ತಮ್ಮ ಗಾಜಿನ ಕೋಣೆಗೆ ಕರೆದರು. ಎಂದಿನಂತೆ 'ನಾಟಕೀ' ಎನ್ನಲಿಲ್ಲ.

"ಕಾಯ್ ಕೇಲಂಸ್ ತೂ?" ಎಂದರು. ಏನು ಮಾಡಿದೆ ನೀನು? "ಆ ಸಾಹೇಬರು ಹೊಸ ರೆಕಾರ್ಡಿಂಗ್ ಕಳಿಸಿದ್ದಾರೆ. ಪುಸ್ತಕಕ್ಕೆ ಅಲ್ಲವಂತೆ. ಟೈಪು ಮಾಡುವವನಿಗಂತೆ. ಇಷ್ಟು ವರ್ಷದಲ್ಲಿ ಯಾರೂ ಹಾಗೆ ಕಳಿಸಿಲ್ಲ. ನಾನು ಕೇಳಿಲ್ಲ. ನೀನು ಕೇಳಿ ನನಗೆ ನಿಜ ಹೇಳು."

ಹೆಡ್‌ಫೋನು ಹಾಕಿಕೊಂಡು ಕುಳಿತೆ. ಅದೇ ಉಸಿರು, ಅದೇ ಕುರ್ಚಿ. ಆದರೆ ಈ ಸಲ ಮಾತು ಕುರಿಯಿಂದಲೂ ಸೈನ್ಯದಿಂದಲೂ ಶುರುವಾಗಲಿಲ್ಲ.

"ಇದನ್ನ ಟೈಪ್ ಮಾಡವರಿಗೆ," ಎಂದರು. "ನೀ ಯಾರು, ಎಲ್ಲಿದ್ದಿ, ನನಗ ಗೊತ್ತಿಲ್ಲ. ನನ್ನ ಮಗಳು ಆ ಪುಟ ಓದಿ ಹೇಳಿದಳು. ಛಲೋ ಅದ. ನನಗಿಂತ ಛಲೋ ಮಾತಾಡೀನಿ ಅದರಾಗ. ಆದರ ಅದು ನಾ ಅಲ್ಲ."

ನನ್ನ ಕಿವಿ ಸುಟ್ಟುಹೋಯಿತು.

"ಒಂದು ಮಾತು ಕೇಳ್ತೀನಿ. ಇಷ್ಟು ದಿನ ನನ್ನ ಕೇಳೀದಿ. ಲಾರಿ ಹೋದರ ಏನು ಮಾಡ್ತಿದ್ದೆ ನಾ? ಗಿಣಿ ಚೀರಿದರ?"

ಅವರು ಹೇಳಿದ ಮೇಲೆ ಹೊಳೆಯಿತು. ನಿಲ್ಲಿಸುತ್ತಿದ್ದರು. ಮೂವತ್ತು ರೆಕಾರ್ಡಿಂಗುಗಳಲ್ಲೂ, ರಸ್ತೆಯಲ್ಲಿ ಲಾರಿ ಬಂದರೆ "ಇದು ಹೋಗ್ಲಿ" ಎನ್ನುವರು, ಮಷೀನು ಬಂದ್ ಮಾಡುವರು, ಅದು ಹೋದ ಮೇಲೆ ಬಿಟ್ಟ ಮಾತನ್ನೇ ಹಿಡಿದು ಮುಂದುವರಿಸುವರು. ಆ "ಇದು ಹೋಗ್ಲಿ"ಯನ್ನು ನಾನು ಅಣ್ಣನ ಹೋಟೆಲಿನಲ್ಲಿ ಎಷ್ಟು ಸಲ ಅಭಿನಯಿಸಿದ್ದೆ! ಮಳೆಗೆ ಮಾತ್ರ ಯಾಕೆ ನಿಲ್ಲಿಸಲಿಲ್ಲ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

"ನಮ್ಮ ಕಡೆ ಮಳಿ ಅಪರೂಪ," ಎಂದರು. "ಹದಿನೈದು ದಿನ ಕಾದೀನಿ ಅದು ಬರ್ಲಿ ಅಂತ. ಬಂತು, ಹೇಳಿದೆ. ಒಂದ್ಸಲ ಬಾಯಿಬಿಟ್ಟು ಹೇಳಬೇಕಾಗಿತ್ತು, ಯಾರಿಗೂ ಕೇಳಬಾರದಾಗಿತ್ತು. ಆ ಮನಿಯೊಳಗ ಏನಾತು, ಒಳಗ ಹೋದೆನೋ ಇಲ್ಲೋ, ಅದು ಆ ತಾಯಿದು, ನಂದು. ಅದನ್ನ ತುಂಬಬ್ಯಾಡ. ಮಳಿ ಅಂತ ಬರಿ. ಏಳು ನಿಮಿಷ ಮಳಿ."

ಚಹಾದ ಲೋಟ ಕೆಳಗಿಟ್ಟ ಸದ್ದಾಯಿತು. ಆದರೆ ಆಹ್ ಬರಲಿಲ್ಲ.

"ಇನ್ನೊಂದು. ನಿನ್ನ ಪುಟದಾಗ ನಾ ಬಾಗಿಲ ಹೊರಗ ಬೂಟು ಬಿಚ್ಚೀನಿ. ನಾ ಸಿಪಾಯಿ, ಪೊಲೀಸ್. ಜೀವಮಾನದಾಗ ಯಾರ ಮನಿ ಬಾಗಿಲಿಗೂ ಬೂಟು ಬಿಚ್ಚಿಲ್ಲ. ಮತ್ತ ಆ ತಾಯಿ, ಮಗ ಸತ್ತಾಕಿ, ನನಗ ಮೊದಲು ಊಟ ಆತೇನು ಅಂತಾಳ. ನಾ ಒಂಬತ್ತು ವರ್ಷ ಪೊಲೀಸ್ ಇದ್ದೆ. ಛಲೋ ಪೊಲೀಸ್ ಅಲ್ಲ ಅಂತಿದ್ರು ಅವರು. ಆದರೂ ಇಷ್ಟು ಪತ್ತೆ ಮಾಡಬಲ್ಲೆ. ಆ ಬಾಗಿಲು ನಾ ಹೋದ ಬಾಗಿಲಲ್ಲ. ನೀ ನಿಂತಿರೋ ಬಾಗಿಲು. ಯಾರ ಮನಿ ಅಂತ ನನಗ ಹೇಳಬ್ಯಾಡ."

ಟಕ್ಕೆಂದು ನಿಂತಿತು. ಮುಂದೆ ಏನೂ ಇರಲಿಲ್ಲ. ಐದು ತಿಂಗಳು ನಾನು ಅವರನ್ನು ಕೇಳಿದ್ದೆನಲ್ಲ, ಅಷ್ಟನ್ನೂ ಒಂದೂವರೆ ಪುಟದಲ್ಲಿ ಅವರು ನನ್ನನ್ನು ಕೇಳಿಬಿಟ್ಟಿದ್ದರು.

ಮೇಡಂಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಯಾರ ದನಿಯಲ್ಲೂ ಅಲ್ಲ. ತೊದಲಿತು, ಎರಡು ಕಡೆ ಸೀಳಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಇನ್ನೊಂದು ಸಲ ಮಾಡಿದರೆ ಮನೆಗೆ ಹೋಗುತ್ತೀ," ಎಂದರು. ಆಮೇಲೆ, "ನಿನ್ನ ದನಿ ಹೀಗಿದೆಯಾ? ತೆಳುವಾಗಿದೆ," ಎಂದರು. ನಾನು ಜಾಗಕ್ಕೆ ಬಂದು ಒಂದೂವರೆ ಪುಟ ಅಳಿಸಿ, ಅಲ್ಲಿ ಅವರು ಹೇಳಿದ ಹಾಗೆ ಬರೆದೆ: ಮಳೆ, ಏಳು ನಿಮಿಷ.

ಭಾನುವಾರ ಭೋಸರಿಗೆ ಹೋದೆ. ಮನೆಗೆ ಹೋದರೆ ಅಪ್ಪನಿಗೆ ಹೊರಗೆ ಕೆಲಸ ಬರುತ್ತದೆ. ಡ್ಯೂಟಿಯ ಮೇಲಿದ್ದರೆ ಗೇಟು ಬಿಟ್ಟು ಎಲ್ಲೂ ಹೋಗುವಂತಿಲ್ಲ. ಆದ್ದರಿಂದ ನೇರ ಕಾರ್ಖಾನೆಗೆ ಹೋದೆ. ನನಗೆ ನನ್ನ ಕಳ್ಳಬುದ್ಧಿಯ ಮೇಲೆ ಭರವಸೆಯಿದೆ.

ಮಧ್ಯಾಹ್ನದ ಮೂರು ಗಂಟೆ. ಅಪ್ಪ ತಗಡಿನ ಕ್ಯಾಬಿನ್ನಿನಲ್ಲಿ ಕುಳಿತಿದ್ದ. ನನ್ನನ್ನು ನೋಡಿದ. ವರ್ಷದಲ್ಲಿ ಕಿವಿಯ ಹತ್ತಿರದ ಕೂದಲು ಪೂರ್ತಿ ಬಿಳಿಯಾಗಿತ್ತು. ಎದ್ದು ನಿಂತು ಹೊರಗಿನವರಿಗೆ ಕೊಡುವ ರಿಜಿಸ್ಟರನ್ನು ನನ್ನ ಮುಂದೆ ತಳ್ಳಿದ. ಪೆನ್ನನ್ನು ದಾರದಿಂದ ಕಟ್ಟಿದ್ದರು. ಹೆಸರು ಬರೆದೆ. ಎಲ್ಲಿಂದ ಬಂದಿರಿ ಎಂಬಲ್ಲಿ ಖಡಕಿ ಎಂದು ಬರೆದೆ. ಯಾರನ್ನು ಕಾಣಬೇಕು ಎಂಬಲ್ಲಿ ಅವನ ಹೆಸರು ಬರೆದೆ. ಏನು ಕೆಲಸ ಎಂಬ ಕಾಲಂ ಬಂತು. ಅದಕ್ಕೆ ನನ್ನ ಹತ್ತಿರ ಹತ್ತಾರು ತಮಾಷೆಯ ಉತ್ತರಗಳಿದ್ದವು, ಪೆನ್ನಿನ ತುದಿಯವರೆಗೂ ಬಂದವು. ಖಾಲಿ ಬಿಟ್ಟೆ.

ಅಪ್ಪ ರಿಜಿಸ್ಟರು ತಿರುಗಿಸಿಕೊಂಡು ಓದಿದ. ಖಾಲಿ ಕಾಲಮ್ಮಿನ ಮೇಲೆ ಬೆರಳಿಟ್ಟ. ತುಂಬು ಎನ್ನುತ್ತಾನೆಂದುಕೊಂಡೆ. ಬೆರಳು ತೆಗೆದು ಪುಸ್ತಕ ಮುಚ್ಚಿದ. ನಾನು ಬಾಗಿಲ ಹೊರಗೆ ಚಪ್ಪಲಿ ಬಿಚ್ಚಿ ಒಳಗೆ ಹೋಗಿ ನಿಂತೆ. ಕೂಡು ಎನ್ನಲಿಲ್ಲ. ನಿಂತೇ ಇದ್ದೆ.

"ಅಪ್ಪಾ," ಎಂದೆ. "ಆವತ್ತು ಸ್ಟೇಜಿನ ಮ್ಯಾಲ..." ಮುಂದೆ ಬರಲಿಲ್ಲ. ಅದೇ ತೆಳು ದನಿ.

ಒಳಗಿನಿಂದ ಒಂದು ಬಿಳಿ ಕಾರು ಬಂತು. ಹಿಂದಿನ ಸೀಟಿನಲ್ಲಿ ಯಾರೂ ಇರಲಿಲ್ಲ. ಅಪ್ಪ ಹೊರಗೆ ಹೋಗಿ ಗೇಟು ತೆರೆದ, ಹಿಮ್ಮಡಿ ಕೂಡಿಸಿದ, ಸಲಾಮು ಹೊಡೆದ. ಕಾರಿನ ಕಿಟಕಿ ಇಳಿಯಿತು. ಸ್ಟೀರಿಂಗ್ ಹಿಡಿದ ನರೆತ ತಲೆಯ ಮನುಷ್ಯ ಒಂದು ಕೈ ಎತ್ತಿ, "ರಾಮ್ ರಾಮ್ ಮಾಮಾ," ಎಂದು ನಕ್ಕು ಹೋದ. ನಾನು ಚಿಕ್ಕಂದಿನಿಂದ ನೂರು ಸಲ ಈ ಗೇಟಿನ ಬಳಿ ಅಪ್ಪನ ಡಬ್ಬಿ ಹಿಡಿದು ನಿಂತಿದ್ದೇನೆ, ಆ ಸಲಾಮನ್ನು ಬೆರಳಿನ ತುದಿಯವರೆಗೆ ಕಲಿತಿದ್ದೇನೆ. ಕಿಟಕಿಯಲ್ಲಿ ಏಳುವ ಆ ಕೈಯನ್ನು ನೋಡಿಯೇ ಇರಲಿಲ್ಲ.

ಅಪ್ಪ ಗೇಟು ಹಾಕಿ ಬಂದ. ಗೋಡೆ ನೋಡುತ್ತ ಹೇಳಿದ:

"ಗಾಡಿ ಖಾಲಿ ಇರಂಗಿಲ್ಲೋ. ಡ್ರೈವರ್ ಇರ್ತಾನ."

ವರ್ಷದ ಮೇಲೆ ನನಗೆ ಹೇಳಿದ ಮೊದಲ ಮಾತು. ನಾನು ಹೂಂ ಎಂದೆ. ಹಿಂದೆ ಯಾವುದೋ ಯಂತ್ರ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಇನ್ನೇನಾದರೂ ಹೇಳಬೇಕೆಂದು ನಾಲಿಗೆ ತುರಿಸಿತು, ಹಿಡಿದುಕೊಂಡೆ. ಎಷ್ಟು ಹೊತ್ತೋ ತಿಳಿಯದು, ಏಳು ನಿಮಿಷಕ್ಕಂತೂ ಕಡಿಮೆಯಲ್ಲ. ಅಪ್ಪ ಬಾಗಿಲ ಹಿಂದಿನಿಂದ ಸ್ಟೂಲು ಎಳೆದು ಕಾಲಿನಿಂದ ನನ್ನ ಕಡೆ ಸರಿಸಿದ.

"ಊಟ ಆತೇನು?"

"ಇಲ್ಲ."

"ಹಂಗಾದ್ರ ನಿಂತದ್ದೇನು? ಕೂಡು." ಡಬ್ಬಿ ಬಿಚ್ಚಿ ಮುಚ್ಚಳದಲ್ಲಿ ಒಂದು ರೊಟ್ಟಿ, ಪಲ್ಯ ಹಾಕಿ ಕೊಟ್ಟ. ನಾನು ಮೊದಲ ತುತ್ತು ಬಾಯಿಗಿಡುವ ಹೊತ್ತಿಗೆ ಹೊರಗೆ ಲಾರಿಯ ಹಾರ್ನು ಕೇಳಿಸಿತು. ಅಪ್ಪ ಜೇಬಿನಿಂದ ಸೀಟಿ ತೆಗೆದ, ಬಾಗಿಲಲ್ಲಿ ತಿರುಗಿ ನಿಂತ.

"ಮತ್ತ ನೀ ಆವತ್ತು ಮೂರು ಸಲ ಊದಿದಿ. ತಪ್ಪು. ಲಾರಿಗೆ ಎರಡೇ," ಎಂದು ಹೇಳಿ ಹೊರಗೆ ಹೋಗಿ, ನನಗೆ ಕೇಳಲೆಂದೇ ಇರಬೇಕು, ಜೋರಾಗಿ ಎರಡು ಸಲ ಊದಿದ.